ನಾಲ್ಕನೇ ಬಟ್ಟಲು

ಹೋದ ಸೋಮವಾರ ಪೆರು ದೇಶದಿಂದ ಬಂದ ನಮೂನೆಯ ಪೊಟ್ಟಣಗಳನ್ನು ಬಿಚ್ಚುತ್ತಿದ್ದೆ. ಅಂಗೈ ಅಗಲದ ಹನ್ನೆರಡು ಪೊಟ್ಟಣ. ಒಂದೊಂದರ ಮೇಲೂ ಒಬ್ಬೊಬ್ಬ ರೈತನ ಹೆಸರು, ಅವನ ಊರು, ಅವನ ಬೆಟ್ಟದ ಎತ್ತರ. ಒಳಗೆ ಇನ್ನೂ ಹುರಿಯದ ಹಸಿರು ಬೀಜ. ಅದರಲ್ಲೊಂದು ದಾರಿಯಲ್ಲೆಲ್ಲೋ ನೆನೆದಿತ್ತು. ಕತ್ತರಿ ಹಾಕಿದ್ದೇ ತಡ, ಒದ್ದೆ ಗೋಣಿಚೀಲದ ವಾಸನೆ ಮೂಗಿಗೆ ಬಡಿಯಿತು. ಮಳೆಗಾಲದಲ್ಲಿ ಕೊಟ್ಟಿಗೆಯ ಮೂಲೆಗೆ ಎಸೆದು ಮರೆತ ಚೀಲದ ವಾಸನೆ. ಪೊಟ್ಟಣವನ್ನು ದೂರ ಇಟ್ಟು ಕಿಟಕಿ ತೆರೆದೆ. ಕೈ ತೊಳೆದೆ. ಆ ಹೊತ್ತಿಗಾಗಲೇ ಮೇಷ್ಟ್ರ ನೆನಪು ಬಂದುಬಿಟ್ಟಿತ್ತು…

ಅವರು ಯಾವ ಶಾಲೆಯ ಮೇಷ್ಟ್ರೂ ಅಲ್ಲ. ಸೋಮನಹಳ್ಳಿಯಲ್ಲಿ ಹೆದ್ದಾರಿಯ ಪಕ್ಕಕ್ಕೆ ನಮ್ಮ ಕಾಫಿ ಘಟಕವಿದೆ. ದಕ್ಷಿಣ ಅಮೆರಿಕದ ಸಣ್ಣ ರೈತರು ರಾಸಾಯನಿಕ ಗೊಬ್ಬರ, ಔಷಧಿ ಮುಟ್ಟಿಸದೆ ಬೆಳೆದ ಬೀಜವನ್ನು ತರಿಸಿ, ಇಲ್ಲಿ ಹುರಿದು, ಪ್ಯಾಕ್ ಮಾಡಿ ಹೊರದೇಶಕ್ಕೆ ಕಳಿಸುತ್ತೇವೆ. ‘ಸಾವಯವ’ ಎಂದೂ ‘ನ್ಯಾಯದ ವ್ಯಾಪಾರ’ ಎಂದೂ ಪ್ಯಾಕೆಟ್ಟಿನ ಮೇಲೆ ಅಚ್ಚಾಗಿರುತ್ತದೆ. ಯಾವ ರೈತನ ಬೀಜ ಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಕುಡಿದು ನೋಡಿ ಹೇಳುವುದು ಮೇಷ್ಟ್ರ ಕೆಲಸವಾಗಿತ್ತು. ಮಳವಳ್ಳಿ ಕಡೆಯ ಒಂದು ಹಳ್ಳಿಯವರು. ಹರೆಯವನ್ನೆಲ್ಲ ಹಾಸನದ ಕಾಫಿ ಸಂಸ್ಕರಣೆಯ ಕಾರ್ಖಾನೆಯಲ್ಲಿ ಕಳೆದು, ಅರವತ್ತರ ಹತ್ತಿರ ಊರಿಗೆ ಮರಳಿದ್ದರು. ಹೇಳಿಕೊಡುವ ಚಟ ಇದ್ದುದರಿಂದ ಘಟಕದವರೆಲ್ಲ ಮೇಷ್ಟ್ರೇ ಎನ್ನುತ್ತಿದ್ದರು.

ನಾನು ಮದ್ದೂರಿನವಳು. ಅಪ್ಪನದು ಗಾಡಿ ರಿಪೇರಿಯ ಅಂಗಡಿ. ಬಿ.ಎಸ್ಸಿ. ಮುಗಿಸಿ ನಾಲ್ಕು ವರ್ಷ ಅಲ್ಲಿ ಇಲ್ಲಿ ಕೆಲಸ ಮಾಡಿ, ಕೊನೆಗೆ ಮೇಷ್ಟ್ರ ಕೈಕೆಳಗೆ ಸೇರಿಕೊಂಡೆ. ಮೊದಲ ದಿನವೇ ಉದ್ದನೆಯ ಮೇಜಿನ ಮೇಲೆ ಐದು ಬಟ್ಟಲು ಇಟ್ಟು, ಪುಡಿಗೆ ಕುದಿನೀರು ಹೊಯ್ದು, ಮೇಲೆ ಕಟ್ಟಿದ ಕೆನೆಯಂಥ ಪುಡಿಯನ್ನು ಚಮಚದಲ್ಲಿ ಒಡೆದು ಮೂಸಿ ನೋಡು ಎಂದರು.

“ಏನ್ ಕಾಣ್ತೈತೆ ಏಳು.”

“ಕಾಫಿ ವಾಸನೆ ಸಾರ್.”

“ಥೂ. ಕಾಪಿ ವಾಸ್ನೆ ಅನ್ನೋದು ಎಲ್ರಿಗೂ ಗೊತ್ತು. ಆಲೆಮನೆ ಮುಂದೆ ನಿಂತಿಲ್ವಾ ನೀನು? ಬೆಲ್ಲ ಅಚ್ಚಿಗೆ ಉಯ್ಯೋಕ್ಮುಂಚೆ ಕೊಪ್ಪರಿಗೆ ಅಂಚಲ್ಲಿ ಸೀದೋಗಿರ್ತದಲ್ಲ, ಅದು ಕಣವ್ವ ಇದು.”

ಇನ್ನೊಮ್ಮೆ ಮೂಸಿದೆ. ನಿಜವಾಗಿಯೂ ಅದೇ. ಹೀಗೆ ಕಲಿಸಿದರು. ಕಪ್ಪೇನಹಳ್ಳಿಯ ಆಲೆಮನೆ, ಹೊಸ ಹುಣಸೆಹಣ್ಣು, ತೊಳೆ ಬಿಡಿಸಿದ ಹಲಸು, ಎಲ್ಲವೂ ಆ ಐದು ಬಟ್ಟಲಲ್ಲಿ ಸಿಗುತ್ತಿದ್ದವು. ಕೆಟ್ಟ ಬೀಜವಾದರೆ, “ಕೊಕ್ಕರೆ ಬೆಳ್ಳೂರ್ ಉಣಸೆಮರದ ಬುಡ” ಎಂದು ಉಗಿಯುತ್ತಿದ್ದರು. ಹಕ್ಕಿಗಳ ಹಿಕ್ಕೆ ಬಿದ್ದು ಬಿದ್ದು ನಾರುವ ಆ ಬುಡವನ್ನು ಕಂಡವರಿಗೆ ಬೇರೇನೂ ಹೇಳಬೇಕಿರಲಿಲ್ಲ. ಎರಡು ವರ್ಷಕ್ಕೆ ನನ್ನ ನಾಲಗೆ ತಯಾರಾಯಿತು. ಅದನ್ನು ಅವರು ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ.

ಆಮೇಲೆ ಊರೂರೇ ಮನೆ ಸೇರಿದ ಆ ಜ್ವರದ ವರ್ಷ ಬಂತು. ಮೇಷ್ಟ್ರೂ ಮಲಗಿದರು. ತಿಂಗಳ ಮೇಲೆ ಕೆಲಸಕ್ಕೆ ಬಂದಾಗ ಸೊರಗಿದ್ದರು ಎನ್ನುವುದು ಬಿಟ್ಟರೆ ಬೇರೇನೂ ಕಾಣಲಿಲ್ಲ.

ಒಂದು ಬೆಳಿಗ್ಗೆ ಹುರಿಯುವ ಯಂತ್ರದಲ್ಲಿ ಬೀಜ ಸೀದುಹೋಯಿತು. ಇಡೀ ಶೆಡ್ಡು ಕಮಟು. ನಾವೆಲ್ಲ ಮೂಗಿಗೆ ಬಟ್ಟೆ ಕಟ್ಟಿಕೊಂಡು ಓಡಾಡುತ್ತಿದ್ದೆವು. ಮೇಷ್ಟ್ರು ಮಾತ್ರ ಪಕ್ಕದ ಕೋಣೆಯಲ್ಲಿ ಪತ್ರಿಕೆ ಓದುತ್ತ ಕೂತೇ ಇದ್ದರು. ಹೊಗೆ ಬಾಗಿಲ ಸಂದಿಯಿಂದ ಒಳಗೆ ಬಂದು ಕಣ್ಣಿಗೆ ಕಂಡ ಮೇಲೆಯೇ ಎದ್ದು ಬಂದದ್ದು.

ಅವತ್ತಿನಿಂದ ಗಮನಿಸತೊಡಗಿದೆ. ಮೊದಲೆಲ್ಲ ಬಟ್ಟಲಿಗೆ ಅವರೇ ಮೊದಲು ಚಮಚ ಹಾಕುವವರು. ಈಗ “ನೀನು ನೋಡವ್ವ ಮೊದ್ಲು” ಎನ್ನುತ್ತಿದ್ದರು. ನಾನು ಸೊರ್ರೆಂದು ಎಳೆದು ಕುಡಿಯುವಾಗ ಅವರ ಕಣ್ಣು ಬಟ್ಟಲಿನ ಮೇಲಿರುತ್ತಿರಲಿಲ್ಲ. ನನ್ನ ಮುಖದ ಮೇಲಿರುತ್ತಿತ್ತು. ನನ್ನ ಹುಬ್ಬು ಏರಿದರೆ, ಒಂದು ಚಮಚ ಕುಡಿದು “ಅಣ್ಣು ಐತೆ ಇದ್ರಲ್ಲಿ” ಎನ್ನುತ್ತಿದ್ದರು. ನನ್ನ ತುಟಿ ಬಿಗಿದರೆ “ಉಳಿ ಜಾಸ್ತಿ.” ಒಂದೇ ವಾರದಲ್ಲಿ ನನಗೆ ಎಲ್ಲ ತಿಳಿದುಹೋಯಿತು. ಮೇಷ್ಟ್ರಿಗೆ ಮೂಗು ಹೋಗಿತ್ತು.

ಯಾರಿಗೂ ಹೇಳಲಿಲ್ಲ. ಅವರಿಗೂ ಹೇಳಲಿಲ್ಲ. ನನ್ನ ಮುಖವನ್ನೇ ಇನ್ನಷ್ಟು ಸ್ಪಷ್ಟ ಮಾಡಿಕೊಂಡೆ, ಮಕ್ಕಳಿಗೆ ದೊಡ್ಡಕ್ಷರದಲ್ಲಿ ಬರೆದು ತೋರಿಸುವ ಹಾಗೆ. ಹೀಗೆಯೇ ಒಂದೂವರೆ ವರ್ಷ ನಡೆಯಿತು. ಆ ದಿನಗಳಲ್ಲಿ ಅವರಷ್ಟು ಹತ್ತಿರದವರು ನನಗೆ ಮನೆಯಲ್ಲೂ ಇರಲಿಲ್ಲ…

ಒಮ್ಮೆ ನನಗೇ ನೆಗಡಿಯಾಯಿತು. ರಜೆ ಹಾಕಬೇಕಿತ್ತು, ಹಾಕಲಿಲ್ಲ. ಬೂಸ್ಟು ಹಿಡಿದ ಒಂದು ಬೀಜ ನನ್ನ ಮೂಗಿಗೆ ಸಿಗಲಿಲ್ಲ, ಹಾಗಾಗಿ ಅವರಿಗೂ ಸಿಗಲಿಲ್ಲ. ಸರಕು ಹೋಗಿ, ದೂರು ಬಂತು. ಮಾಲೀಕರು ಇಬ್ಬರನ್ನೂ ಕರೆದು ನಿಲ್ಲಿಸಿದರು. ಮೇಷ್ಟ್ರು ಏನಾದರೂ ಹೇಳಿ ನಿಭಾಯಿಸುತ್ತಾರೆ ಎಂದುಕೊಂಡಿದ್ದೆ.

“ಈ ಉಡ್ಗಿ ನಮೂನೆ ಅದ್ಲುಬದ್ಲು ಮಾಡ್ಬುಟ್ಟವ್ಳೆ ಸಾ. ನಾನ್ ನೋಡಿದ್ದೇ ಬ್ಯಾರೆ. ಇವ್ಳಿಗೆ ನಾಲ್ಗೆನೂ ಇಲ್ಲ, ನಿಗಾನೂ ಇಲ್ಲ. ಪ್ಯಾಕಿಂಗ್‌ಗೆ ಆಕ್ಬುಡಿ” ಎಂದರು.

ನಾನು ಅವರ ಮುಖ ನೋಡಿದೆ. ಅವರು ನನ್ನ ಕಡೆ ತಿರುಗಲಿಲ್ಲ. ಒಂದು ತಿಂಗಳು ಪ್ಯಾಕೆಟ್ಟುಗಳಿಗೆ ಚೀಟಿ ಅಂಟಿಸಿದೆ, ಸಾವಯವ, ನ್ಯಾಯದ ವ್ಯಾಪಾರ… ಆ ತಿಂಗಳು ಅವರು ಮೇಜನ್ನು ಹೇಗೆ ನಿಭಾಯಿಸಿದರೋ ತಿಳಿಯದು. ಹಿಂದಿನ ವರ್ಷ ರುಚಿ ಬರೆದಿಟ್ಟ ಪುಸ್ತಕ ನೋಡಿ ಬರೆದರೋ ಏನೋ. ಕೊನೆಗೆ ತಾವೇ ಮಾಲೀಕರಿಗೆ ಹೇಳಿ ನನ್ನನ್ನು ವಾಪಸ್ಸು ಕರೆಸಿಕೊಂಡರು. “ಬಾರವ್ವ, ಕುಂತ್ಕ” ಎಂದು ಏನೂ ಆಗದವರಂತೆ ಬಟ್ಟಲು ಮುಂದಿಟ್ಟರು. ನಾನೂ ಏನೂ ಆಗದವಳಂತೆ ಚಮಚ ತೆಗೆದುಕೊಂಡೆ. ಒಳಗೆ ಮಾತ್ರ ಕುದಿಯುತ್ತಿದ್ದೆ.

ಅದಾಗಿ ಎರಡು ತಿಂಗಳಿಗೆ ಪೆರುವಿನ ರೈತರ ಸಹಕಾರ ಸಂಘದಿಂದ ಒಬ್ಬ ರೈತನೇ ಬಂದ. ಗಿಡ್ಡನೆಯ ಮನುಷ್ಯ, ಬಿಸಿಲಿಗೆ ಸುಟ್ಟ ಮುಖ. ಬೆರಳ ಸಂದುಗಳಲ್ಲಿ ಕತ್ತಿ ತಾಗಿದ ಗಾಯದ ಗುರುತುಗಳು, ನಮ್ಮ ಕಡೆ ಕಬ್ಬು ಕಡಿಯುವವರಿಗೆ ಇರುವಂಥವೇ. ಬೆಟ್ಟದ ಇಳಿಜಾರಿನಲ್ಲಿ ಬಾಳೆಯ ನೆರಳಲ್ಲಿ ಬೆಳೆದ ತನ್ನದೊಂದು ಚೂರು ತೋಟದ ಬೀಜವನ್ನೂ ತಂದಿದ್ದ. ಭಾಷೆ ತಿಳಿಸಲು ಬೆಂಗಳೂರಿನಿಂದ ಒಬ್ಬಾಕೆ ಜೊತೆಗೆ ಬಂದಿದ್ದಳು. ಜರ್ಮನಿಯಿಂದ ಒಬ್ಬ ಖರೀದಿದಾರನೂ ಬಂದಿದ್ದ. ಮಾಲೀಕರು ಹೊಸ ಶರ್ಟು ಹಾಕಿದ್ದರು. ಮೇಜಿನ ಮೇಲೆ ಐದು ಬಟ್ಟಲು. ರೈತನದು ನಾಲ್ಕನೆಯದು ಎಂದು ನನಗೆ ಗೊತ್ತಿತ್ತು, ಪುಡಿ ಹಾಕಿದವಳು ನಾನೇ.

ಒಂದು, ಎರಡು, ಮೂರು ಸರಿಯಾಗಿಯೇ ನಡೆದವು. ನಾಲ್ಕನೆಯದಕ್ಕೆ ಚಮಚ ಹಾಕಿ ಎಳೆದೆ. ಅಂಥ ಕಾಫಿಯನ್ನು ನಾನು ಅಲ್ಲಿಯವರೆಗೆ ಕುಡಿದಿರಲಿಲ್ಲ. ಹಲಸಿನ ತೊಳೆ, ಹಸಿ ಕಬ್ಬಿನ ಹಾಲು, ನುಂಗಿದ ಮೇಲೆ ಗಂಟಲಲ್ಲಿ ಉಳಿಯುವ ತಂಪು. ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು.

ನಾನು ಅವರಿಗಷ್ಟೇ ಕಾಣುವಂತೆ ಮೂಗು ಸಿಂಡರಿಸಿದೆ. ಬಾಯಿ ಓರೆ ಮಾಡಿ, ನುಂಗಿ ಉಳಿದದ್ದನ್ನು ಪೀಕದಾನಿಗೆ ಉಗಿದೆ.

ಅವರು ಒಂದು ಕ್ಷಣ ತಡೆದರು. ಆಮೇಲೆ ಚಮಚ ಹಾಕಿ, ಎಳೆದು, ಉಗಿದು, “ಗೋಣಿಚೀಲ. ನೆನ್ದೋಗಿರೋ ಗೋಣಿಚೀಲ. ಬ್ಯಾಡ ಸಾ ಇದು” ಎಂದರು.

ಬೆಂಗಳೂರಿನಾಕೆ ಅದನ್ನು ರೈತನಿಗೆ ಹೇಳಿದಳು. ಅವನ ಮುಖ ಬಿಳುಪೇರಿತು. ಕೈ ಒರೆಸಿಕೊಂಡು ಬಂದು ಬಟ್ಟಲನ್ನೇ ಎತ್ತಿ ಕುಡಿದ. ಜರ್ಮನಿಯವನೂ ಒಂದು ಚಮಚ ತೆಗೆದುಕೊಂಡ, ಮತ್ತೊಂದು ತೆಗೆದುಕೊಂಡ. ಈ ಮೇಜಿನ ಮೇಲೆ ಇದಕ್ಕಿಂತ ಒಳ್ಳೆಯದು ಇಲ್ಲವಲ್ಲ ಎಂದ. ಮಾಲೀಕರೂ ಕುಡಿದು ನೋಡಿದರು. ಅವರಿಗೆ ಅಷ್ಟೇನೂ ತಿಳಿಯದಿದ್ದರೂ ಗೋಣಿಚೀಲ ಅಲ್ಲ ಎನ್ನುವಷ್ಟು ತಿಳಿಯಿತು. ಹಿಂದಿನ ಬೂಸ್ಟಿನ ದೂರೂ ನೆನಪಾಗಿರಬೇಕು.

“ಮೇಷ್ಟ್ರೇ, ಕಣ್ಮುಚ್ಚಿ” ಎಂದರು.

“ಯಾಕ್ ಸಾ?”

“ಮುಚ್ಚಿ ಅಂದ್ರೆ ಮುಚ್ಚಿ.”

ಮೇಷ್ಟ್ರು ಮುಚ್ಚಿದರು. ಮಾಲೀಕರು ಹೊರಗೆ ಕೈಸನ್ನೆ ಮಾಡಿದರು. ಕಕ್ಕಸು ತೊಳೆಯುವ ಹೆಂಗಸು ಫಿನಾಯಿಲಿನ ಬಟ್ಟೆಯನ್ನು ಹಾಗೆಯೇ ತಂದುಕೊಟ್ಟಳು. ನೀರು ತೊಟ್ಟಿಕ್ಕುತ್ತಿತ್ತು. ಮಾಲೀಕರು ಅದನ್ನು ಎರಡು ಬೆರಳಲ್ಲಿ ಹಿಡಿದು ಮೇಷ್ಟ್ರ ಮೂಗಿಗೆ ತಾಗಿಸಿಯೇ ಬಿಟ್ಟರು. ನಾಲ್ಕು ಮಾರು ದೂರ ನಿಂತಿದ್ದ ನನ್ನ ಕಣ್ಣಲ್ಲಿ ನೀರು ಬಂತು.

“ಏನು ವಾಸನೆ, ಹೇಳಿ.”

ಮೇಷ್ಟ್ರು ಉಸಿರು ಎಳೆದುಕೊಂಡರು. ಇನ್ನೊಮ್ಮೆ ಎಳೆದುಕೊಂಡರು. ಪ್ಯಾಕಿಂಗಿನವರು, ಹುರಿಯುವವರು ಎಲ್ಲ ಬಾಗಿಲಲ್ಲಿ ಸೇರಿದ್ದರು. ಮೆಲ್ಲಗೆ, “ಕಾಪಿ ಊವು… ಮೊದ್ಲುನ್ ಮಳೆಗೆ ಬುಟ್ಟಿರೋ ಊವು” ಎಂದರು.

ಬಾಗಿಲಲ್ಲಿ ನಿಂತವರು ಗೊಳ್ಳೆಂದು ನಕ್ಕರು. ಮಾಲೀಕರೂ ನಕ್ಕರು. “ಹೂವಂತೆ! ಇನ್ನೊಂದ್ಸಲ ಮೂಸಿ ಮೇಷ್ಟ್ರೇ, ಸರಿಯಾಗಿ” ಎಂದು ಬಟ್ಟೆಯನ್ನು ಮತ್ತೆ ಒತ್ತಿದರು. ಮೇಷ್ಟ್ರು ಮತ್ತೆ ಮೂಸಿದರು. ಮೀಸೆಯ ಮೇಲೆಲ್ಲ ಫಿನಾಯಿಲು. ಕೊನೆಗೆ ಆ ಪರದೇಶದ ರೈತನೇ ಮುಂದೆ ಬಂದು, ಮಾಲೀಕರ ಕೈಯಿಂದ ಬಟ್ಟೆ ಕಿತ್ತುಕೊಂಡು ನೆಲಕ್ಕೆ ಎಸೆದ. ಅವನಿಗೆ ನಮ್ಮ ಒಂದು ಮಾತೂ ತಿಳಿಯುತ್ತಿರಲಿಲ್ಲ. ತನ್ನ ಬೆಳೆಯನ್ನು ಹಳಿದವನು ಇವನೇ ಎನ್ನುವುದು ಮಾತ್ರ ತಿಳಿದಿತ್ತು. ಆದರೂ ಅಷ್ಟು ಜನರಲ್ಲಿ ನಗದೆ ಇದ್ದವನು ಅವನೊಬ್ಬನೇ.

ನಾನು ನಕ್ಕೆನೇ? ಇಲ್ಲ ಎಂದು ನೆನಪು. ಎಷ್ಟು ಸಲ ನೆನೆಸಿಕೊಂಡರೂ ಖಚಿತವಾಗುವುದಿಲ್ಲ…

ಮೇಷ್ಟ್ರು ಕಣ್ಣು ತೆರೆದರು. ನೆಲದ ಮೇಲಿನ ಬಟ್ಟೆಯನ್ನಾಗಲಿ ಮಾಲೀಕರನ್ನಾಗಲಿ ನೋಡಲಿಲ್ಲ. ನೇರ ನನ್ನ ಮುಖ ನೋಡಿದರು. ನಾನು ಗೋಡೆಯ ಕಡೆ ತಿರುಗಿದೆ. ನಾಳೆಯಿಂದ ಬರಬೇಡಿ ಎಂದು ಮಾಲೀಕರು ಅಲ್ಲೇ ಹೇಳಿದರು. ಮೇಷ್ಟ್ರು ಐದೂ ಬಟ್ಟಲು ತೊಳೆದು, ಮೇಜು ಒರೆಸಿ, ಚಮಚಗಳನ್ನು ಸಾಲಾಗಿ ಜೋಡಿಸಿಟ್ಟು ಹೋದರು. ಮರುದಿನ ಅವರ ಕುರ್ಚಿ ನನ್ನದಾಯಿತು. ರೈತನ ಬೀಜವನ್ನು ಪೂರ್ತಿ ಕೊಂಡರು. ಅದು ಈಗಲೂ ನಮ್ಮ ಅತಿ ಹೆಸರಾದ ಕಾಫಿ.

ಆರು ತಿಂಗಳ ಮೇಲೆ ಮಳವಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಕೈಯಲ್ಲಿ ಸೊಪ್ಪಿನ ಚೀಲ. ತಪ್ಪಿಸಿಕೊಳ್ಳಲು ಆಗದಷ್ಟು ಎದುರಿಗೆ ಬಂದಿದ್ದೆ.

“ನಾಕ್ನೇದು ಎಂಗಿತ್ತವ್ವ?” ಎಂದರು. ಆರೋಗ್ಯ ವಿಚಾರಿಸಲಿಲ್ಲ, ಏನೂ ಇಲ್ಲ.

“ಯಾವುದು ಮೇಷ್ಟ್ರೇ?”

“ನಿಂಗೊತ್ತು ಯಾವ್ದು ಅಂತ. ಅವತ್ತು ನೀ ಮಕ ಮಾಡ್ದಾಗ್ಲೇ ನಂಗ್ ಗೊತ್ತಾಯ್ತು, ಇದು ಸುಳ್ಳು ಅಂತ. ಕುಡ್ದೋಳ್ ಗಂಟ್ಲು ನುಂಗ್ತಿತ್ತು, ಮಕ ಬ್ಯಾಡ ಅಂತಿತ್ತು.”

“ಗೊತ್ತಾಗಿದ್ರೆ ಮತ್ಯಾಕೆ ಹಾಗೆ ಹೇಳಿದ್ರಿ?”

“ಇನ್ನೇನೇಳ್ಲಿ? ನಿನ್ ಮಕ ಬುಟ್ರೆ ನಂಗೆ ಬ್ಯಾರೆ ಮೂಗು ಎಲ್ಲಿತ್ತು?”

ಬಸ್ಸು ಬಂತು. ಕಂಬಿ ಹಿಡಿದು ಹತ್ತಿದವರು ತಿರುಗಿ, “ಎಂಗಿತ್ತು ಅಂತ ಈಗ್ಲೂ ಏಳ್ನಿಲ್ವಲ್ಲ ನೀನು” ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಬಸ್ಸು ಹೊರಟಿತು. ಅದಾದ ಮೇಲೆ ಅವರನ್ನು ನೋಡಲಿಲ್ಲ.

ಈಗ್ಗೆ ಎಂಟು ತಿಂಗಳ ಹಿಂದೆ ಸುದ್ದಿ ಬಂತು. ಬೆಳಿಗ್ಗೆ ಹೆಂಡತಿ ಡೇರಿಗೆ ಹಾಲು ಹಾಕಲು ಹೋಗಿದ್ದಾಗ, ಮೇಷ್ಟ್ರು ನೀರು ಕಾಯಿಸಲು ಒಲೆ ಹಚ್ಚಿದ್ದಾರೆ. ಸಿಲಿಂಡರ್ ಸೋರುತ್ತಿತ್ತು. ಅಡಿಗೆಮನೆಯ ತುಂಬ ಗ್ಯಾಸು ತುಂಬಿದ್ದುದು ಅವರಿಗೆ ತಿಳಿಯಲಿಲ್ಲ. ಆಸ್ಪತ್ರೆಯಲ್ಲಿ ಎರಡು ದಿನ ಇದ್ದರಂತೆ.

ಹನ್ನೊಂದನೆಯ ದಿನದ ತಿಥಿಗೆ ಹೋದೆ. ಅವರ ಹೆಂಡತಿಯನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು.

“ನೀನೇನವ್ವ ಕಾಪಿ ನೋಡೋ ಉಡ್ಗಿ? ಕೆಲ್ಸ ಇದ್ದಿದ್ರೆ ಆ ಒತ್ತಿಗೆ ನಿಮ್ ಕಂಪ್ನಿ ವ್ಯಾನಲ್ಲಿ ಇರೋರು ಕಣವ್ವ, ಒಲೆ ಮುಂದೆ ಯಾಕಿರೋರು?” ಎಂದರು. ಊಟದೆಲೆಯ ಕಟ್ಟನ್ನು ಹತ್ತಿರ ಎಳೆದುಕೊಂಡು ಮತ್ತೆ ಹೇಳಿದರು, “ಯಾರೋ ಬೇಕು ಅಂತ್ಲೇ ದಾರಿ ತಪ್ಪಿಸ್ಬುಟ್ರು ಅಂತಿದ್ರು. ಯಾರು ಅಂತ ಎಷ್ಟ್ ಕೇಳಿದ್ರೂ ಬಾಯ್ ಬುಡ್ನಿಲ್ಲ. ನಿಂಗೇನಾರ ಗೊತ್ತಾ ಮಗಾ? ಎಸ್ರು ಏಳು, ಅವ್ರ ಮನೆ ಮುಂದೆ ಮಣ್ಣು ತೂರ್ ಬತ್ತೀನಿ.”

“ಗೊತ್ತಿಲ್ಲ ಕಣಮ್ಮ” ಎಂದೆ.

“ಓಗ್ಲಿ ಬುಡು. ಉಣ್ಣೇಳು” ಎಂದು ತಾವೇ ಎಲೆ ಹಾಸಿ, ಮುದ್ದೆ ಇಟ್ಟು, ಬಾಡಿನ ಸಾರು ಬಿಟ್ಟು ಎದುರಿಗೆ ಕೂತರು. ಬಡಿಸಿದ್ದನ್ನೆಲ್ಲ ಉಂಡೆ. ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಸಾರಿಗೆ ಹುರಿದ ಧನಿಯ ಹಾಕಿದ್ದರು, ಒಂದು ಚೂರು ಚಕ್ಕೆ ಹೆಚ್ಚಾಗಿತ್ತು, ಕಾಯಿ ಅವತ್ತೇ ಒಡೆದದ್ದು. ಎಲ್ಲವೂ ನನ್ನ ನಾಲಗೆಗೆ ಒಂದೊಂದಾಗಿ ತಿಳಿಯುತ್ತಿತ್ತು.

ಈಗಲೂ ಆಕೆ ಆಗಾಗ ಫೋನ್ ಮಾಡುತ್ತಾರೆ. ಮಾತಾಡಲು ಯಾರೂ ಇಲ್ಲ ಅವರಿಗೆ. ನನ್ನ ಮದುವೆ ವಿಚಾರ ಕೇಳುತ್ತಾರೆ, ಹಸು ಕರು ಹಾಕಿದ್ದನ್ನು ಹೇಳುತ್ತಾರೆ. ಇವತ್ತು ಹೇಳಿಬಿಡೋಣ ಎಂದು ಪ್ರತಿ ಸಲವೂ ಅಂದುಕೊಳ್ಳುತ್ತೇನೆ… ನಿನ್ನೆಯೂ ಅಂದುಕೊಂಡೆ. ಹಸುವಿನ ಕರು ಹೋರಿಯೋ ಕಡಸೋ ಎಂದು ಕೇಳಿ ಫೋನ್ ಇಟ್ಟೆ.