ಸದ್ದಿಲ್ಲದ ಇಸ್ತ್ರಿ

ಲಾಂಡ್ರಿಯ ಹಳೆಯ ಉಗಿ ಇಸ್ತ್ರಿ ಯಂತ್ರ, ಮುಚ್ಚಳ ಇಳಿಸಿದೊಡನೆ ಬುಸ್ಸೆನ್ನುತ್ತಿತ್ತು. ದಪ್ಪ ಬಟ್ಟೆಗೆ ಇಷ್ಟು ಬುಸ್ಸು, ತೆಳು ಬಟ್ಟೆಗೆ ಇಷ್ಟು ಎಂದು ಅತ್ತೆಯ ಕಿವಿಗೆ ಗೊತ್ತಿತ್ತು. ಕಿವಿ ಸಾಕೆಂದಾಗ ಕೈ ತಾನಾಗಿ ಮುಚ್ಚಳ ಎತ್ತುತ್ತಿತ್ತು. ಅಲ್ಲಿನ ಮೇಲ್ವಿಚಾರಕ ಆಕೆ ಎತ್ತಿ ಆಡಿಸಿದ ಅಣ್ಣನ ಮಗ. ಅವನು ಅತ್ತೆ ಎನ್ನುತ್ತಿದ್ದುದರಿಂದ ಆಕೆ ಎಲ್ಲರಿಗೂ ಅತ್ತೆಯೇ.

ಹೊಸ ಯಂತ್ರಕ್ಕೆ ಸದ್ದಿಲ್ಲ. ಮುಚ್ಚಳ ಎತ್ತಿ ಉಗಿ ನಿಲ್ಲಿಸುವವರೆಗೂ ಹಸಿರು ದೀಪ ಉರಿಯುತ್ತದೆ, ಅಷ್ಟೆ. ಯಾವಾಗ ಎತ್ತಬೇಕೆಂಬುದು ಈಗಲೂ ಕೈಗೇ ಬಿಟ್ಟದ್ದು. ಮೊದಲ ವಾರವೇ ನಾಲ್ಕಾರು ಕಾಲರುಗಳು ಕಂದಿದವು. ಅಷ್ಟೇ ಹೊತ್ತು ಕೇಳುವ ಕಿವಿಗೆ ಉದ್ದವೆನಿಸುತ್ತದೆ, ನೋಡುವ ಕಣ್ಣಿಗೆ ಗಿಡ್ಡ. ಕಿವಿಯ ಅಳತೆ ಇಟ್ಟುಕೊಂಡು ಕಾಯುವವಳಿಗೆ ದೀಪ ಯಾವಾಗಲೂ ಈಗಷ್ಟೇ ಹತ್ತಿದಂತೆ ಕಾಣುತ್ತಿತ್ತು.

"ದೀಪ ನೋಡಿ ಎತ್ತೋಕೆ ಏನು ಕಷ್ಟ, ಅತ್ತೆ?" ಅಣ್ಣನ ಮಗ ಕೇಳಿದ.

"ನೋಡ್ತಾನೇ ಇದೀನಪ್ಪ. ಇನ್ನೂ ಆಗಿಲ್ಲ ಅನ್ಸತ್ತೆ."

"ಅನ್ಸೋದು ನಿಮಗೆ, ಸುಡೋದು ಗಿರಾಕಿ ಅಂಗಿ. ಇನ್ನೊಂದು ಹೋದ್ರೆ ನಿಮ್ಮನ್ನ ಗುಂಡಿ ಹೊಲಿಯೋಕೆ ಹಾಕ್ತಾರೆ. ಅಲ್ಲಿ ಅರ್ಧ ಸಂಬಳ."

ಅತ್ತೆ ಉಪಾಯ ಹೂಡಿದಳು. ಮುಚ್ಚಳ ಇಳಿಸಿ, ಹಲ್ಲು ಕಚ್ಚಿ, ತಾನೇ ಬುಸ್ಸೆಂದು ಉಸಿರು ಬಿಟ್ಟಳು. ಕಿವಿ ಸಾಕೆಂದಿತು. ಅಂಗಿ ಗರಿಗರಿಯಾಗಿ ಹೊರಬಂತು.

"ಹಾವಮ್ಮ, ಕಚ್ಚಬೇಡಿ ಮತ್ತೆ," ಬಟ್ಟೆ ಮಡಿಸುವವಳು ಕೆಣಕಿದಳು.

"ಹತ್ತಿರ ಬಾ, ನೋಡೋಣ," ಎಂದು ಅತ್ತೆಯೂ ನಕ್ಕಳು. ಅಲ್ಲಿಂದ ಮುಂದೆ ಒಂದು ಬಟ್ಟೆಯೂ ಸುಡಲಿಲ್ಲ.

ಲಾಂಡ್ರಿಯ ಯಜಮಾನರು ಯಂತ್ರ ನೋಡಲು ಬರುವ ದಿನ ಅಣ್ಣನ ಮಗ ಪಕ್ಕಕ್ಕೆ ಬಂದು ದನಿ ತಗ್ಗಿಸಿದ. "ಅವ್ರ ಮುಂದೆ ಆ ಬುಸ್ ಬುಸ್ ಬೇಡ, ಅತ್ತೆ. ನನ್ನ ಮಾನ ಹೋಗತ್ತೆ."

"ಅದಿಲ್ದೆ ನನ್ನ ಕೈಲಿ ಆಗಲ್ವೋ."

"ಒಂದೇ ಅಂಗಿ. ನನಗೋಸ್ಕರ."

ಯಜಮಾನರು ಪಕ್ಕದಲ್ಲೇ ನಿಂತಿದ್ದರು. ಅತ್ತೆ ತುಟಿ ಬಿಗಿಹಿಡಿದು ಮುಚ್ಚಳ ಇಳಿಸಿದಳು. ದೀಪ ಹತ್ತಿತು. ಬೇಗ ಎತ್ತಿದರೆ ಸುಕ್ಕು ಉಳಿದೀತು. ಇನ್ನೂ ಆಗಿಲ್ಲ, ಇನ್ನೂ ಆಗಿಲ್ಲ ಎಂದು ಕಣ್ಣು ಹೇಳುತ್ತಿರುವಾಗಲೇ ಮೂಗಿಗೆ ಸುಟ್ಟ ವಾಸನೆ ಬಡಿಯಿತು.

ಯಜಮಾನರು ಮೇಲ್ವಿಚಾರಕನ ಮುಖ ನೋಡಿದರು.

"ವಯಸ್ಸಾಯ್ತಲ್ಲ ಸರ್," ಎಂದ ಅವನು. "ನಾನೂ ಎಷ್ಟೋ ಸಲ ಹೇಳಿದೀನಿ."

ಉಳಿದದ್ದನ್ನೂ ಹೇಳಿಯಾನೆಂದು ಅತ್ತೆ ಅವನನ್ನೇ ನೋಡುತ್ತ ನಿಂತಳು. ಅವನು ಅಂಗಿಯನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಯಜಮಾನರ ಹಿಂದೆ ನಡೆದ.

ಮರುದಿನ ಅವನು ಗುಂಡಿ ಹೊಲಿಯುವ ಮೇಜಿನ ಬಳಿ ಬಂದ. "ಬೇಜಾರ್ ಮಾಡ್ಕೋಬೇಡಿ ಅತ್ತೆ. ಕೂತ್ಕೊಂಡು ಮಾಡೋ ಕೆಲ್ಸ, ಆರಾಮ."

ಅತ್ತೆ ಸೂಜಿಗೆ ದಾರ ಪೋಣಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ಸ್ವಲ್ಪ ಆಚೆ ಸರಿ. ಬೆಳಕಿಗೆ ಅಡ್ಡ ನಿಂತಿದೀಯ."