ಬಿಡಿಸ್ಥಾನದ ಏಳು ಜನ

“ಇನ್ನೂರು ತುಂಬಿತಲ್ಲ ಮೇಷ್ಟ್ರೇ, ಮುಗಿಸಿ. ತೋಡಿನಾಚೆ ಮನೇಲಿರೋದು ಏಳೇ ಜನ. ಲಕ್ಷದ ಲೆಕ್ಕದಲ್ಲಿ ಏಳು ಯಾವ ಮೂಲೆಗೆ?”

ಹೀಗೆಂದವರು ಪಾಲಿಬೆಟ್ಟದ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಒಬ್ಬ ಆಳು ಅರ್ಧ ದಿನ ತಪ್ಪಿಸಿಕೊಂಡರೂ ಹಾಜರಿ ಪುಸ್ತಕದಲ್ಲಿ ಹಿಡಿಯುವ ಮನುಷ್ಯ! 1951ರ ಜನಗಣತಿಗೆಂದು ಬೆಳಗಿನಿಂದ ಕೂಲಿಯಾಳುಗಳ ಲೈನ್‌ಮನೆಗಳನ್ನು ಸುತ್ತಿ ದಣಿದಿದ್ದ ನಾನೂ ನಾಚಿಕೆಯಿಲ್ಲದೆ ಪೆನ್ನಿನ ಮುಚ್ಚಳ ಹಾಕಿದ್ದೆ.

ಆ ಏಳು ಜನರಲ್ಲಿ ಒಬ್ಬಳು ನನ್ನ ಹಿಂದೆಯೇ ನಿಂತಿದ್ದಳು. ನಮ್ಮ ಶಾಲೆಯ ನಾಲ್ಕನೇ ತರಗತಿಯ ಪಳನಿಯಮ್ಮ.

“ಸಾರ್, ಬಿಡಿಸ್ಥಾನದಲ್ಲಿ ಸೊನ್ನೆ ಇದ್ರೆ ಅಲ್ಲಿ ಏನೂ ಇಲ್ಲ ಅಂತ ನೀವೇ ಹೇಳಿದ್ರಿ. ನಾವು ಇದ್ದೇವಲ್ಲ ಸಾರ್?”

ಹಿಂದಿನ ವಾರವಷ್ಟೇ ನಾನು ಬೋರ್ಡಿನ ಮೇಲೆ ಬರೆದು ಕಲಿಸಿದ ಪಾಠ. ಕಪಾಳಕ್ಕೆ ಹೊಡೆದಂತಾಯಿತು. ಅವಳ ಹಿಂದೆಯೇ ನೀರು ಹರಿಯುವ ತೋಡು ದಾಟಿದೆ. ಆ ಮನೆಯಲ್ಲಿ, ಸೀರೆಯ ತೊಟ್ಟಿಲಲ್ಲಿ ಇನ್ನೂ ಹೆಸರಿಡದ ಕೂಸೊಂದು ಮಲಗಿತ್ತು. ಅದನ್ನೂ ಸೇರಿಸಿ ಒಟ್ಟು ಇನ್ನೂರ ಏಳು ಎಂದು ಬರೆದೆ. ಹಿಂದಿರುಗಿ ಬಂದಾಗ ರೈಟರ್ ನಕ್ಕರು: “ಏಳು ಜನಕ್ಕೆ ಇಷ್ಟು ದೂರ ನಡೆದ್ರಾ!”

ಅಂದು ಬಾಯಿಗೆ ಬಾರದ ಪ್ರಶ್ನೆಯನ್ನು ಇಲ್ಲಿ ಕೇಳುತ್ತಿದ್ದೇನೆ. ನಮ್ಮ ಕೊಡಗೇ ಒಂದು ಪುಟ್ಟ ರಾಜ್ಯ. ದಿಲ್ಲಿಯಲ್ಲಿ ದೇಶದ ಜನರನ್ನೆಲ್ಲ ಕೂಡಿಸುವವರು, ಕೋಟಿಯ ಲೆಕ್ಕದಲ್ಲಿ ಕೊಡಗಿನ ಲಕ್ಷ ಯಾವ ಮೂಲೆಗೆ ಎಂದು ನಮ್ಮನ್ನೇ ಕೈಬಿಟ್ಟರೆ, ಆಗಲೂ ನಗುತ್ತೀರಾ ರೈಟರೇ?