ಅವಳ ಬಾಗಿಲು ಕೊನೆಗೆ

ಇವತ್ತು ಬೆಳಿಗ್ಗೆಯೂ ಎಂದಿನಂತೆಯೇ. ಹಾಲು ಉಕ್ಕುವ ಮೊದಲು ಗ್ಯಾಸ್ ಆರಿಸಿ, ಇವರ ಡಬ್ಬಿಗೆ ನೀರುದೋಸೆ ಮಡಚಿ ಹಾಕಿ, ಲೋಕಲ್ ರೈಲು ತಪ್ಪೀತೆಂದು ಅವಸರಪಡಿಸಿ ಕಳಿಸಿ, ಬಾಗಿಲ ಚಿಲಕವನ್ನು ಎರಡೆರಡು ಸಲ ಎಳೆದು ನೋಡಿದೆ. ಥಾಣೆಯ ವರ್ತಕ ನಗರದ ನಮ್ಮ ಹಳೆಯ ಕಟ್ಟಡವನ್ನು ಕೆಡವಿ ಟವರ್ ಕಟ್ಟುತ್ತಾರಂತೆ. ಸಂಜೆಯ ಸೊಸೈಟಿ ಮೀಟಿಂಗಿಗೆ ಮನೆಯ ಕಾಗದ ಒಯ್ಯಬೇಕಿತ್ತು. ಕಪಾಟಿನ ಕೆಳಗಿನ ಖಾನೆ ಎಳೆದದ್ದೇ ತಡ, ಪ್ಲಾಸ್ಟಿಕ್ ಚೀಲದೊಳಗೆ ಬೆವರಿದ ಕಾಗದದ ವಾಸನೆ ಮುಖಕ್ಕೆ ಬಡಿಯಿತು. ವರ್ಷಗಳ ಹಿಂದೆ ಇದೇ ಖಾನೆಯಲ್ಲಿ ನಲವತ್ತೆರಡು ಮನೆಗಳ ಕಾಗದವಿತ್ತು.

ತಂದಿಟ್ಟವಳು ನಮ್ಮ ಹೂವಿನವಳು. ಕಲಬುರಗಿ ಕಡೆಯವಳು. ಗೇಟಿನ ಬಳಿ ಕೂತು, ಕಾಲಿನ ಹೆಬ್ಬೆರಳಿಗೆ ದಾರ ಸುತ್ತಿಕೊಂಡು ಅಬೋಲಿ ಹೂವಿನ ಮಾಲೆ ಕಟ್ಟುತ್ತಿದ್ದಳು. ಮಾತಾಡುವಾಗಲೂ ಬೆರಳು ನಿಲ್ಲುತ್ತಿರಲಿಲ್ಲ. ಓದು ಬಾರದು. ಆದರೂ ನಮ್ಮ ಕಟ್ಟಡದ ಹಿಂದಿನ ನಾಲೆಯಂಚಿನ ಜೋಪಡಿ ಬಸ್ತಿಯ ಹೆಂಗಸರನ್ನು ಒಟ್ಟುಗೂಡಿಸಿದ್ದು ಅವಳೇ. ಬಸ್ತಿ ತೆರವಾಗುವುದಿತ್ತು. ಗಣತಿಯ ದಿನ ಬಾಗಿಲಲ್ಲಿ ನಿಂತು ಮೂಲ ಕಾಗದ ತೋರಿಸಿದವರಿಗೆ ಮಾತ್ರ ಹೊಸ ಕಟ್ಟಡದಲ್ಲಿ ಖೋಲಿ ಎಂದು ತಿಳಿದ ಮೇಲೆ, ಮನೆಮನೆಗೆ ಹೋಗಿ ಹಳೆಯ ಲೈಟ್ ಬಿಲ್ಲು, ರೇಷನ್ ಕಾರ್ಡು ಹುಡುಕಿಸಿದಳು.

ನಾನು ಕಾನ್ವೆಂಟಿನಲ್ಲಿ ಓದಿದವಳೆಂದು ಅರ್ಜಿ ಬರೆಸಲು ಬರುತ್ತಿದ್ದಳು.

"ಅಕ್ಕಾರ, ನಿಮ್ಮ ಇಂಗ್ಲಿಷ್ ನೋಡಿದ್ರ ಸಾಹೇಬ ಕುರ್ಚಿ ಬಿಟ್ಟು ಏಳ್ತಾನ್ರೀ. ನಮ್ಮ ಹೆಬ್ಬಟ್ಟು ನೋಡಿದ್ರ ಮಾತ್ರ ಚಹಾ ಕುಡ್ಯಾಕ ಏಳ್ತಾನ!"

ಆ ಹೆಂಗಸರ ಕಮಿಟಿಗೆ ಒಂದು ಕಟ್ಟಳೆಯಿತ್ತು. ಮುಂದೆ ನಿಂತು ನಡೆಸುವವಳ ಹೆಸರು ಪ್ರತಿ ಪಟ್ಟಿಯಲ್ಲೂ ಕೊನೆಗೆ. ನೀರಿನ ಟ್ಯಾಂಕರ್ ಬಂದರೂ ಅವಳ ಕೊಡ ಕೊನೆಗೆ. ಒಮ್ಮೆ ನಾನು ಅವಳ ಹೆಸರನ್ನೇ ಮೊದಲು ಬರೆದುಬಿಟ್ಟಿದ್ದೆ. ಓದಿಸಿ ಕೇಳಿದವಳು ಹಾಳೆಯನ್ನೇ ಬದಲಾಯಿಸಲು ಹೇಳಿದಳು. "ನಂದ ಮೊದಲ ಬಂತಂದ್ರ ನಾಳಿ ಯಾರೂ ನನ್ನ ಹಿಂದ ಬರಂಗಿಲ್ರೀ."

ಮಳೆಗಾಲದಲ್ಲಿ ನಾಲೆ ಉಕ್ಕಿ ಬಸ್ತಿಯೊಳಗೆ ಬರುತ್ತಿತ್ತು. ಕಾಗದ ನೆನೆದರೆ ಗತಿಯೇನು? ಎಲ್ಲರದ್ದನ್ನೂ ಚೀಲದಲ್ಲಿ ಕಟ್ಟಿ ನನ್ನ ಕಪಾಟಿಗೆ ತಂದಳು. ಗಣತಿ ಸೋಮವಾರವೆಂದು ನೋಟೀಸು ಹಚ್ಚಿದ್ದರು. ಭಾನುವಾರ ಒಯ್ಯುವುದೆಂದು ಮಾತಾಯಿತು. ಅಲ್ಲಿಯವರೆಗೆ ನನಗೆ ನೆಮ್ಮದಿಯಿಲ್ಲ. ಇಲಿ ಬಂದರೆ? ಗೋಡೆಯ ತೇವ ಇಳಿದರೆ? ದಿನಕ್ಕೆ ನಾಲ್ಕು ಸಲ ಖಾನೆ ಎಳೆದು ನೋಡುತ್ತಿದ್ದೆ.

ಇಷ್ಟೆಲ್ಲ ಹೆದರಿದವಳಿಗೆ ಕೀಲಿಕೈಯ ಯೋಚನೆ ಮಾತ್ರ ಬರಲಿಲ್ಲ. ಶನಿವಾರ ನೆರೂಳದಲ್ಲಿ ನಾದಿನಿಯ ಮಗುವಿನ ನಾಮಕರಣ. ಬೀಗ ಹಾಕಿ ಎಲ್ಲರೂ ಹೋದೆವು. ಊಟಕ್ಕೆ ಕೂತಾಗ ಫೋನು ತೆಗೆದರೆ ಅವಳ ಹದಿನಾರು ಮಿಸ್ ಕಾಲ್. ಗಣತಿಯವರು ಎರಡು ದಿನ ಮೊದಲೇ ಬಂದಿದ್ದರು.

"ಲಗೂ ಬರ್ರಿ ಅಕ್ಕಾರ," ಅಷ್ಟೇ ಅಂದಳು. ಬಯ್ಯಲಿಲ್ಲ.

ಪಾಯಸವನ್ನು ಎಲೆಯಲ್ಲೇ ಬಿಟ್ಟು ಓಡಿದೆ. ಥಾಣೆಯ ಲೋಕಲ್ ಒಂದೊಂದು ಸ್ಟೇಷನ್ನಿನಲ್ಲೂ ಬೇರುಬಿಟ್ಟಂತೆ ನಿಲ್ಲುತ್ತಿತ್ತು. ಬೆವರಿದ ಅಂಗೈಯಲ್ಲಿ ಕೀಲಿಯ ಹಲ್ಲುಗಳ ಗುರುತು ಮೂಡಿತ್ತು. ಚೀಲ ಹಿಡಿದು ಬಸ್ತಿಗೆ ಬಂದಾಗ, ಅವಳು ಹೆಂಗಸರನ್ನೆಲ್ಲ ಓಣಿಯ ಬಾಯಲ್ಲಿ ಕೂರಿಸಿ, ಗಣತಿಯವರಿಗೆ ಮೂರನೆಯ ಸುತ್ತಿನ ಚಹಾ ಕುಡಿಸುತ್ತಿದ್ದಳು. ಐದೂವರೆಗೆ ಪುಸ್ತಕ ಮುಚ್ಚುತ್ತೇವೆಂದು ಅವರು ಹೇಳಿಯಾಗಿತ್ತು.

"ನಿನ್ನದು ಮೊದಲು ತೆಗಿಯೇ," ಎಂದೆ.

"ಪಟ್ಟಿ ಹ್ಯಾಂಗೈತಿ ಹಾಂಗ್ರೀ."

ಬಾಗಿಲಿಂದ ಬಾಗಿಲಿಗೆ ಕಾಗದ ಹಂಚುತ್ತ ಓಡಿದಳು. ನಲವತ್ತೊಂದು ಬಾಗಿಲು ಆಯಿತು. ಅವಳ ಹೊಸಿಲ ಮುಂದೆ ಬಂದು ಸಾಹೇಬರು ಗಡಿಯಾರ ನೋಡಿದರು. "ಬಸ್, ಬಾಯಿ. ಬಾಕೀ ಸೋಮವಾರ್ ಕೋ ಆಫೀಸ್ ಮೇಂ." ಉಳಿದದ್ದು ಸೋಮವಾರ ಆಫೀಸಿನಲ್ಲಂತೆ.

ಸೋಮವಾರ ನಾನೂ ಅವಳ ಜೊತೆ ಹೋದೆ. ಅವಳ ಹೆಸರಿನ ಮುಂದೆ 'ಬಾಗಿಲು ಮುಚ್ಚಿತ್ತು' ಎಂದು ಬರೆದಾಗಿತ್ತು. ಏಳು ಅರ್ಜಿ ಬರೆದೆ, ಒಂದಕ್ಕಿಂತ ಒಂದು ಒಳ್ಳೆಯ ಇಂಗ್ಲಿಷಿನಲ್ಲಿ. ಯಾವ ಸಾಹೇಬನೂ ಕುರ್ಚಿ ಬಿಟ್ಟು ಏಳಲಿಲ್ಲ. ಬಸ್ತಿ ಒಡೆದ ಮೇಲೆ ಅವಳು ಕಲ್ಯಾಣದಾಚೆ ಎಲ್ಲೋ ಬಾಡಿಗೆಗೆ ಹೋದಳು. ಮಿಕ್ಕವರಿಗೆ ಕೀಲಿ ಸಿಕ್ಕ ದಿನ ಬುಟ್ಟಿ ಹೊತ್ತು ಬಂದು, ಹೊಸ ಕಟ್ಟಡದ ನಲವತ್ತೊಂದು ಬಾಗಿಲಿಗೂ ಮಾಲೆ ಕಟ್ಟಿದಳಂತೆ. ನಮ್ಮ ಗೇಟಿನ ಹತ್ತಿರ ನಿಂತು ನನ್ನ ಕಿಟಕಿಯ ಕಡೆ ಕೈಯೆತ್ತಿದ್ದನ್ನು ನಾನೇ ಕಂಡೆ. ಪರದೆಯ ಹಿಂದೆ ಸರಿದು ನಿಂತೆ. ಯಾವ ಮುಖದಿಂದ ಇಳಿದು ಹೋಗಲಿ... ಆಮೇಲೆ ಅವಳು ಬರಲಿಲ್ಲ. ಧೈರ್ಯ ಬಂದು ಫೋನು ಮಾಡುವ ಹೊತ್ತಿಗೆ ಆ ನಂಬರು ಬೇರೆ ಯಾರದೋ ಆಗಿತ್ತು. ಕ್ಷಮಿಸು ಎಂಬ ಒಂದು ಮಾತು ನನ್ನಲ್ಲೇ ಉಳಿಯಿತು. ಇನ್ನು ಹೇಳೋಣವೆಂದರೆ ಅವಳೆಲ್ಲಿದ್ದಾಳೋ ತಿಳಿಯದು.

ಇವತ್ತು ಮೀಟಿಂಗಿನಲ್ಲಿ ಕಾಗದ ತೋರಿಸಿ ಸಹಿ ಹಾಕಿದೆ. ಮುಗಿಸಿ ಮೆಟ್ಟಿಲು ಹತ್ತುತ್ತಿದ್ದಾಗ ಎದುರುಮನೆಯಾಕೆ ಜೊತೆಯಾದಳು. ಮಾಜಿವಾಡಾದಲ್ಲಿ ಅವಳ ಗಂಡನ ಹೋಟೆಲು. ಊರ ಸುದ್ದಿಯೆಲ್ಲ ಅವಳಿಗೆ ಮೊದಲು.

"ಗೊತ್ತುಂಟಾ? ನಮ್ಮ ಸೊಸೈಟಿ ಕಮಿಟಿಯವರು ಹೊಸ ಟವರಿನಲ್ಲಿ ಗಾರ್ಡನ್ ಕಾಣುವ ಫ್ಲ್ಯಾಟೆಲ್ಲ ಮೊದಲೇ ತಮ್ಮ ಹೆಸರಿಗೆ ಬರೆಸಿಕೊಂಡಿದ್ದಾರಂತೆ," ಎಂದು ಚೀಲದಲ್ಲಿ ಕೀಲಿ ತಡಕಾಡುತ್ತ ಹೇಳಿದಳು. "ಹೋಗ್ಲಿ ಮಾರಾಯ್ತಿ. ನಮಗಾಗಿ ಅಷ್ಟು ಓಡಾಡಿದವರಿಗೆ ಇಷ್ಟಾದ್ರೂ ಬೇಡ್ವಾ?"